ನನ್ನ ಮಿತವ್ಯಯ

ಮಿತವ್ಯಯವು ಗೃಹಿಣಿಗೆ ಭೂಷಣವೆಂದು ಹಿರಿಯರು ಹೇಳುತ್ತ ಬಂದಿರುವರು. ಆ ಮಾತನ್ನು ನಾನು ಬಾಲ್ಯದಿಂದಲೂ ನಂಬಿ ನಡೆದವಳು. ಪ್ರಯಾಣಕ್ಕೆ ಹೊರಟರೆ ಇಬ್ಬರ ಬಟ್ಟೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಡಕುವೆನು. ಹಳೆಯ ಸೀರೆಗಳನ್ನು ಕೌದಿಯಾಗಿಸುವೆನು. ಡಬ್ಬಿಯ ತಳದಲ್ಲಿ ಉಳಿದ ಹಿಟ್ಟನ್ನು ತಟ್ಟಿ ತೆಗೆಯದೆ ಬಿಡುವವಳಲ್ಲ. ಈ ಗುಣವೇ ಒಂದು ದಿನ ನನ್ನ ಕೈಯಿಂದ ತಿದ್ದಲಾಗದ ತಪ್ಪೊಂದನ್ನು ಮಾಡಿಸೀತೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನಮ್ಮ ತಾಯಿಯ ಭಾವಚಿತ್ರವೆಂದು ನಮ್ಮಲ್ಲಿ ಇದ್ದುದು ಒಂದೇ ಒಂದು. ಅದೂ ಆಕೆಯೊಬ್ಬಳದಲ್ಲ, 1956ರಲ್ಲಿ ಸೋದರಮಾವನ ಮದುವೆಯಲ್ಲಿ ತೆಗೆಸಿದ ಗುಂಪುಚಿತ್ರ. ಹನ್ನೊಂದು ಮಂದಿಯ ನಡುವೆ, ಹಿಂದಿನ ಸಾಲಿನ ಅಂಚಿನಲ್ಲಿ, ಕೈಗೂಸಾಗಿದ್ದ ಅಕ್ಕನನ್ನು ಎತ್ತಿಕೊಂಡು ತಾಯಿ ನಿಂತಿದ್ದಳು. ನಾನು ಆಗ ಇನ್ನೂ ಹುಟ್ಟಿರಲಿಲ್ಲ. ಮುಂದೆ ನನಗೆ ನಾಲ್ಕು ವರ್ಷ ತುಂಬುವ ಮೊದಲೇ ಆಕೆ ತೀರಿಕೊಂಡಳು. ಆದುದರಿಂದ ತಾಯಿಯ ಮುಖವೆಂದರೆ ನನಗೆ ಆ ಚಿತ್ರದ ಮುಖವೇ. ಹುಣಸೆಬೀಜದಷ್ಟು ಗಾತ್ರದ ಮುಖ; ಅದರಲ್ಲಿ ಎಡಮೂಗಿನ ಮೇಲೆ ಹೊಳೆಯುವ ಒಂದು ಮೂಗುಬೊಟ್ಟು.

ನಮ್ಮ ತೀರ್ಥಹಳ್ಳಿಯ ಮಳೆಗಾಲವು ಕಾಗದದ ವೈರಿ. ಚಿತ್ರಕ್ಕೆ ಬೂಷ್ಟು ಹಿಡಿಯಲಾರಂಭಿಸಿದುದನ್ನು ಕಂಡು ಅಕ್ಕನ ಮಗನು ಒಮ್ಮೆ ಬಂದಾಗ ಅದನ್ನು ಸ್ಕ್ಯಾನರಿನಲ್ಲಿಟ್ಟು, ಅಂಗುಲಕ್ಕೆ 600 ಚುಕ್ಕೆಗಳಂತೆ ಪ್ರತಿಯೊಂದನ್ನು ತೆಗೆದನು. ಚಿತ್ರದ ಅಗಲ 6 ಅಂಗುಲ, ಎತ್ತರ 4 ಅಂಗುಲ. ಎಂದರೆ ಅಗಲಕ್ಕೆ 3600, ಎತ್ತರಕ್ಕೆ 2400, ಒಟ್ಟು 86 ಲಕ್ಷಕ್ಕೂ ಮೀರಿದ ಚುಕ್ಕೆಗಳು. “ಇದನ್ನು ಜೋಪಾನವಾಗಿಡಿ, ಚಿಕ್ಕಮ್ಮ. ಇನ್ನು ಕಾಗದ ಹೋದರೂ ಚಿಂತೆಯಿಲ್ಲ” ಎಂದು ಹೇಳಿ ಅದನ್ನು ನನ್ನ ಕಂಪ್ಯೂಟರಿನಲ್ಲಿ ಇರಿಸಿ ಹೋದನು. ಎರಡು ಮಳೆಗಾಲ ಕಳೆಯುವುದರೊಳಗೆ ಕಾಗದವು ಹೋಯಿತು. ಅವನ ಬಳಿಯಿದ್ದ ಇನ್ನೊಂದು ಪ್ರತಿಯು ಅವನ ಹಳೆಯ ಯಂತ್ರ ಕೆಟ್ಟಾಗ ಅದರೊಡನೆಯೇ ಹೋಯಿತು. ಉಳಿದುದು ನನ್ನಲ್ಲಿದ್ದುದೊಂದೇ.

ಕಳೆದ ವರ್ಷ ನಮ್ಮ ಬಳಗದವರು ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡು, ಹಳೆಯ ಚಿತ್ರಗಳನ್ನು ಕಳುಹಿಸೆಂದು ನನ್ನನ್ನು ಕೇಳಿದರು. ನಮ್ಮ ಮನೆಯಲ್ಲಿ ಇಂಟರ್ನೆಟ್ಟಿನ ಸಂಪರ್ಕವು ಬಹು ಮಂದ. ಅಷ್ಟು ದೊಡ್ಡ ಚಿತ್ರವು ಅರ್ಧದಾರಿಯಲ್ಲಿಯೇ ನಿಂತುಬಿಡುತ್ತಿದ್ದಿತು. ಆಗ ನನ್ನ ಮಿತವ್ಯಯದ ಬುದ್ಧಿ ಜಾಗೃತವಾಯಿತು. ಚಿತ್ರದ ಅಗಲವನ್ನು 800 ಚುಕ್ಕೆಗಳಿಗೆ ಇಳಿಸಿದೆನು. ಅದೂ ಸಾಲದೆಂದು ಗುಣಮಟ್ಟವೆಂಬಲ್ಲಿ 40 ಎಂದು ಹಾಕಿದೆನು. ಬೇರೆ ಹೆಸರೇತಕ್ಕೆಂದು ಹಳೆಯ ಹೆಸರಿನಲ್ಲಿಯೇ ಉಳಿಸಿದೆನು. ಚಿತ್ರವು ಕಣ್ಣು ಮಿಟುಕಿಸುವುದರೊಳಗೆ ಹೊರಟುಹೋಯಿತು. ಎಲ್ಲರೂ ಮೆಚ್ಚಿದರು. ಮೊಬೈಲಿನ ಅಂಗೈಯಗಲದ ಗಾಜಿನಲ್ಲಿ ಯಾವ ಕುಂದೂ ಕಾಣಿಸದು. ನನಗಾದರೋ ಹೆಮ್ಮೆಯೇ ಆಯಿತು.

ಕೆಲವು ತಿಂಗಳ ಮೇಲೆ ಮೈಸೂರಿನಿಂದ ಅಕ್ಕನ ಕರೆ ಬಂದಿತು. “ಈ ಬಾರಿ ಅಮ್ಮನ ತಿಥಿಗೆ ಅವಳ ಮುಖವೊಂದನ್ನೇ ದೊಡ್ಡದು ಮಾಡಿಸಿಕೊಂಡು ಬಾರೇ. ನನ್ನ ಕಣ್ಣು ಮೊದಲಿನಂತಿಲ್ಲ. ಗೋಡೆಯ ಮೇಲೆ ಹಾಕಿ ಚೆನ್ನಾಗಿ ನೋಡಬೇಕು.”

ಮುಖವನ್ನು 8 ಅಂಗುಲ ಅಗಲಕ್ಕೆ ಹಿಗ್ಗಿಸಿ ಅಚ್ಚು ಹಾಕಿಸಿ ತಂದು ಬಿಚ್ಚಿ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಅಂಗುಲದಗಲದ ಚೌಕಗಳನ್ನು ಜೋಡಿಸಿ ಹೊಲಿದ ಕೌದಿಯಂತೆ ಇದ್ದಿತು ಆ ಮುಖ. ಕಣ್ಣುಗಳು ಎರಡು ಮಸಿಯ ಕಲೆಗಳು. ಮೂಗುಬೊಟ್ಟು ಇರಲೇ ಇಲ್ಲ.

ಅಕ್ಕನ ಮಗನನ್ನು ಕರೆದು ಕೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಮಾಡಿದುದು ಒಂದು ಕೆಲಸವಲ್ಲ, ಎರಡು” ಎಂದನು. ಅವನು ಹೇಳಿದುದನ್ನು ನನಗೆ ತಿಳಿದಂತೆ ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಅಳತೆಯನ್ನು ಇಳಿಸುವುದು. ಅರ್ಧ ಅಂಗುಲದ ಆ ಮುಖಕ್ಕೆ ಮೊದಲು 300 ಚುಕ್ಕೆಗಳ ಅಗಲವಿದ್ದಿತು. 3600ನ್ನು 800ಕ್ಕೆ ತಂದಾಗ ಅದು 66 ಚುಕ್ಕೆಗಳಾಯಿತು. ಐದು ಚುಕ್ಕೆಗಳಷ್ಟಿದ್ದ ಮೂಗುಬೊಟ್ಟಿಗೆ ಉಳಿದುದು ಹೆಚ್ಚುಕಡಿಮೆ ಒಂದೇ ಚುಕ್ಕೆ. ಎರಡನೆಯದು ಅಡಕಗೊಳಿಸುವುದು. ಜೆಪೆಗ್ ಎಂಬ ಪದ್ಧತಿಯು 1992ರಲ್ಲಿ ಅಂಗೀಕೃತವಾದುದು. ಅದು ಚಿತ್ರವನ್ನು ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು ಚುಕ್ಕೆಗಳ ಚೌಕಗಳಾಗಿ ವಿಂಗಡಿಸುತ್ತದೆ. ಪ್ರತಿಯೊಂದು ಚೌಕದ ಬೆಳಕು ನೆರಳುಗಳನ್ನು ದೊಡ್ಡ ಅಲೆ, ಸಣ್ಣ ಅಲೆ ಎಂದು 64 ಬಗೆಯ ಅಲೆಗಳ ಮೊತ್ತವಾಗಿ ಬರೆದುಕೊಳ್ಳುತ್ತದೆ. ಸೂಕ್ಷ್ಮವಾದ ಸಣ್ಣ ಅಲೆಗಳನ್ನು ನಮ್ಮ ಕಣ್ಣು ಅಷ್ಟಾಗಿ ಗಮನಿಸದು; ಆದುದರಿಂದ ಅವುಗಳ ಲೆಕ್ಕವನ್ನು ಸ್ಥೂಲಗೊಳಿಸಿ, ಬಹಳಷ್ಟನ್ನು ಸೊನ್ನೆಯೆಂದೇ ಬಿಟ್ಟುಬಿಡುತ್ತದೆ. ಗುಣಮಟ್ಟದ ಅಂಕಿಯನ್ನು ಇಳಿಸಿದಷ್ಟೂ ಬಿಡುವುದು ಹೆಚ್ಚು. ನಮ್ಮ ತಾಯಿಯ ಮುಖದ ಅಗಲಕ್ಕೆ ಉಳಿದುದು ಅಂತಹ ಎಂಟು ಚೌಕಗಳು ಮಾತ್ರ. ನಾನು ಕಂಡ ಕೌದಿಯು ಅದೇ.

“ಮತ್ತೆ ದೊಡ್ಡದು ಮಾಡಿದರೆ ಬಾರದೇ?” ಎಂದು ನಾನು ಕೇಳಿದೆನು. ಆದರೆ ಕೇಳುವಾಗಲೇ ಉತ್ತರವು ನನಗೆ ಹೊಳೆಯಿತು. ಆಲೆಮನೆಯಲ್ಲಿ ಕಬ್ಬಿನ ಹಾಲು ಬೆಲ್ಲವಾಗುವುದೇ ಹೊರತು ಬೆಲ್ಲವು ಮತ್ತೆ ಕಬ್ಬಿನ ಹಾಲಾಗುವುದಿಲ್ಲ. ನೀರು ಬೆರೆಸಿದರೆ ಪಾನಕವಾದೀತು, ಅಷ್ಟೆ. ಈಗಿನ ಯಂತ್ರಗಳು ಹೋದುದನ್ನು ಊಹಿಸಿ ತುಂಬಿಕೊಡುವುದುಂಟಂತೆ. ಹಾಗೆ ತುಂಬಿದ ಕಣ್ಣು ನಮ್ಮ ತಾಯಿಯದಾಗದೆಂದು ನಾನು ಬೇಡವೆಂದೆನು.

ಈ ಅಲೆಗಳ ಲೆಕ್ಕದ ವಿಷಯದಲ್ಲಿ ಇನ್ನೊಂದು ಸಂಗತಿಯನ್ನೂ ಅರಿತೆನು. ಅದನ್ನು ಕಲ್ಪಿಸಿದವರು ನಾಸಿರ್ ಅಹ್ಮದ್ ಎಂಬವರು. 1940ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಎಂಜಿನಿಯರಿಂಗ್ ಓದಿ ಅಮೆರಿಕೆಗೆ ಹೋದವರು. 1972ರಲ್ಲಿ ಈ ವಿಚಾರಕ್ಕೆ ಅವರು ಕೇಳಿದ ಅನುದಾನವು ದೊರೆಯಲಿಲ್ಲ. ಆದರೂ ಬಿಡದೆ ದುಡಿದು, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಎಂಬವರೊಡನೆ 1974ರಲ್ಲಿ ಅದನ್ನು ಪ್ರಕಟಿಸಿದರು. ಇಂದು ಮನೆಮನೆಯ ಚಿತ್ರಗಳು ಕಡಲಾಚೆಗೆ ಹಗುರವಾಗಿ ಹೋಗುತ್ತಿರುವುದು ಆ ವಿದ್ಯೆಯಿಂದಲೇ. ಆದುದರಿಂದ ದೋಷವು ವಿದ್ಯೆಯದಲ್ಲ. ಮೂಲವನ್ನು ಉಳಿಸಿಕೊಳ್ಳದೆ ಹಿಂಡಿದ ಕೈಯದು.

ತಿಥಿಯ ಹಿಂದಿನ ದಿನ ಮೈಸೂರಿಗೆ ಹೋಗಿ, ಮರೆಮಾಚದೆ ಎಲ್ಲವನ್ನೂ ಅಕ್ಕನಿಗೆ ಹೇಳಿದೆನು. ಅವಳು ಆ ದೊಡ್ಡ ಅಚ್ಚನ್ನು ಬಹಳ ಹೊತ್ತು ನೋಡಿ ತಿರುವಿಹಾಕಿದಳು. ಗದರಿಸಿದ್ದರೆ ನನಗೆ ಹಗುರವಾಗುತ್ತಿದ್ದಿತು. ರಾತ್ರಿ ಮಲಗುವಾಗ ಅವಳೇ ಮಾತು ತೆಗೆದಳು: “ಅಮ್ಮನದು ಏಳುಕಲ್ಲಿನ ಮೂಗುಬೊಟ್ಟು. ಅದರಲ್ಲಿ ಒಂದು ಕಲ್ಲು ಬಿದ್ದುಹೋಗಿತ್ತು. ಹಾಲು ಕರೆಯುವಾಗ ಬಿದ್ದುದಂತೆ. ಕೊಟ್ಟಿಗೆಯನ್ನೆಲ್ಲ ಹುಡುಕಿದರೂ ಸಿಕ್ಕಲಿಲ್ಲ. ಆ ಪಟದಲ್ಲಿ ಅದು ಎಂದೂ ಕಾಣುತ್ತಿರಲಿಲ್ಲ. ನಿನಗೆ ಗೊತ್ತಿರಲಾರದು.”

ನನಗೆ ಗೊತ್ತಿರಲಿಲ್ಲ. ಅರುವತ್ತು ವರ್ಷಗಳಿಗೂ ಮೀರಿ ಆ ಚಿತ್ರವನ್ನು ನೋಡಿದ್ದೆನಲ್ಲದೆ, ಅಕ್ಕನನ್ನು ಒಮ್ಮೆಯೂ ಕೇಳಿರಲಿಲ್ಲ. ಆ ರಾತ್ರಿ ಬಹಳ ಹೊತ್ತು ಕೇಳಿದೆನು.

ಮರುದಿನ ಅಕ್ಕನ ಮಗನು ಉಳಿದ ಚಿತ್ರವನ್ನು ಅದಕ್ಕೆ ತಕ್ಕ ಅಳತೆಯಲ್ಲಿಯೇ ಅಚ್ಚು ಹಾಕಿಸಿ ತಂದನು. ಅಂಗುಲಕ್ಕೆ 300 ಚುಕ್ಕೆಗಳಂತೆ 800 ಚುಕ್ಕೆಗಳಿಗೆ ಎರಡೂ ಮುಕ್ಕಾಲು ಅಂಗುಲಕ್ಕಿಂತ ತುಸು ಕಡಿಮೆ ಅಗಲ. ಆ ಅಳತೆಯಲ್ಲಿ ಹನ್ನೊಂದು ಮಂದಿಯೂ ತಕ್ಕಮಟ್ಟಿಗೆ ಸ್ಪಷ್ಟವಾಗಿಯೇ ಇದ್ದರು. ಅಗಲವಾದ ಬಿಳಿಯ ರಟ್ಟಿನ ನಡುವೆ ಅದನ್ನು ಕೂರಿಸಿ ಕಟ್ಟುಹಾಕಿಸಿದೆವು. ಅಕ್ಕನು ಅದನ್ನು ಗೋಡೆಗೆ ಹಾಕಲಿಲ್ಲ, ಕೈಗೆಟಕುವಲ್ಲಿ ಇಟ್ಟುಕೊಂಡಿದ್ದಾಳೆ.

ಸೋದರಿಯರೇ, ಚಿತ್ರಗಳನ್ನು ಕುಗ್ಗಿಸಬೇಡಿರೆಂದು ನಾನು ಹೇಳಲಾರೆ. 4000ಕ್ಕೆ 3000 ಚುಕ್ಕೆಗಳ ಚಿತ್ರವನ್ನು ಮೊಬೈಲಿನಲ್ಲಿ ನೋಡುವುದಕ್ಕೆಂದು ಕಳುಹಿಸುವಾಗ ಉದ್ದದ ಬದಿಗೆ 1600 ಚುಕ್ಕೆಗಳಿದ್ದರೆ ಸಾಕು. ಗುಣಮಟ್ಟವು 80ರ ಸುಮಾರಿನಲ್ಲಿದ್ದರೆ ಕಣ್ಣಿಗೆ ಭೇದ ತಿಳಿಯದು. ಆದರೆ ಮೊದಲು ಮೂಲವನ್ನು ಬೇರೆಯಾಗಿ ಎರಡು ಕಡೆ ಇಟ್ಟು, ಪ್ರತಿಯನ್ನು ಮಾತ್ರ ಬೇರೆ ಹೆಸರಿನಿಂದ ಕುಗ್ಗಿಸಿರಿ. ಕುಗ್ಗಿಸಿದುದನ್ನೇ ತಿದ್ದಿ ಮತ್ತೆ ಮತ್ತೆ ಉಳಿಸಬೇಡಿರಿ. ಪ್ರತಿಸಲವೂ ಒಂದಿಷ್ಟು ನಷ್ಟವಾಗಬಹುದು. ಮೊಬೈಲಿನ ಸಂದೇಶಸಾಧನಗಳು ಚಿತ್ರವನ್ನು ತಾವಾಗಿಯೇ ಕುಗ್ಗಿಸುವುದುಂಟು. ಅಚ್ಚು ಹಾಕಿಸುವುದಕ್ಕೆ ಕಳುಹಿಸುವಾಗ ಅದನ್ನು ಚಿತ್ರವೆಂದಲ್ಲದೆ ಡಾಕ್ಯುಮೆಂಟ್ ಎಂದು ಕಳುಹಿಸಿರಿ.

ನನ್ನ ಕಂಪ್ಯೂಟರಿನಲ್ಲಿ ಈಗ ಎರಡು ಕಡತಗಳಿವೆ: ಒಂದಕ್ಕೆ ‘ಮೂಲ’, ಇನ್ನೊಂದಕ್ಕೆ ‘ಕಳುಹಿಸತಕ್ಕದ್ದು’ ಎಂದು ಹೆಸರು. ತಾಯಿಯ ಚಿತ್ರವು ಎರಡನೆಯದರಲ್ಲಿ ಮಾತ್ರ ಇದೆ. ಅದರ ಪಕ್ಕದಲ್ಲಿ, ಅಕ್ಕನು ಆ ರಾತ್ರಿ ಹೇಳಿದುದೆಲ್ಲವನ್ನೂ ಬರೆದಿಟ್ಟಿದ್ದೇನೆ. ಅದನ್ನು ಸಂಕ್ಷೇಪಿಸಿಲ್ಲ.