ಪೋಸ್ಟಾಫೀಸಿನ ಕುಣಿತದ ಮೇಷ್ಟ್ರು

ಈ ಕಡೆ ಬಂದು ತುಂಬಾ ದಿನವಾಯ್ತು. “ಎಲ್ಲಿ ಮಾರಾಯ, ಬ್ಲಾಗಿಗೆ ಬೀಗ ಹಾಕಿದ್ಯಾ?” ಅಂತ ಇಬ್ಬರು ಗೆಳೆಯರು ಮೇಲ್ ಮಾಡಿ ಕೇಳಿದ್ರು. ಕಾರಣ ಹೇಳಿದ್ರೆ ನಗ್ತೀರಿ. ನಾನು ಡ್ಯಾನ್ಸ್ ಕ್ಲಾಸಿಗೆ ಸೇರಿದ್ದೀನಿ.

ನಕ್ಕಿದ್ದು ಮುಗೀತಾ? ಸರಿ, ಮುಂದಕ್ಕೆ ಹೋಗೋಣ :)

ಸ್ಟಾಕ್‌ಹೋಮಿನ ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು. ಬೆಳಿಗ್ಗೆ ಆಫೀಸಿಗೆ ಹೊರಟಾಗಲೂ ಕತ್ತಲು, ವಾಪಸ್ ಬರುವಾಗಲೂ ಕತ್ತಲು. ಸಾಗರದ ಮಳೆಗಾಲ ಕಂಡವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಆದರೆ ಅಲ್ಲಿ ಮಳೆಯ ಸದ್ದಾದರೂ ಇರುತ್ತೆ, ಇಲ್ಲಿ ಅದೂ ಇಲ್ಲ. ಹೀಗೆ ಮಂಕು ಹಿಡಿದವನಂತೆ ಕೂತಿದ್ದ ನನ್ನನ್ನು ನೋಡಿ ಪಕ್ಕದ ಸೀಟಿನವನು “ಮಂಗಳವಾರ ಸಂಜೆ ನನ್ನ ಜೊತೆ ಬಾ” ಅಂದ. ಎಲ್ಲಿಗೆ ಅಂತ ಹೇಳಲಿಲ್ಲ. ಹೋಗಿ ನೋಡಿದರೆ ಒಂದು ಹಳೇ ಶಾಲೆಯ ಹಾಲು, ಮೂವತ್ತು ಜನ, ಸ್ಪೀಕರಿನಲ್ಲಿ ಕೌಂಟ್ ಬೇಸಿಯ ಬ್ಯಾಂಡು. ಲಿಂಡಿ ಹಾಪ್ ಕ್ಲಾಸಂತೆ. ಸ್ವಿಂಗ್ ಡ್ಯಾನ್ಸ್ ಅಂತ ಕರೆಯೋ ಕುಣಿತಗಳಿಗೆಲ್ಲ ಹಿರಿಯಣ್ಣ ಅದು.

ಶಾಲೆಯಲ್ಲಿ ಕೋಲಾಟ ಆಡುವಾಗ ಪಕ್ಕದವನ ಬೆರಳಿಗೆ ಬಾರಿಸಿ, ಮುಂದಿನ ವರ್ಷದಿಂದ ಕಾಯಂ ಆಗಿ ಪರದೆ ಎಳೆಯೋ ಕೆಲಸಕ್ಕೆ ನೇಮಕವಾದವನು ನಾನು. ಅರ್ಧ ಗಂಟೆಯಲ್ಲಿ ಮೂವರ ಕಾಲು ತುಳಿದೆ. ಪಾಠ ಮಾಡ್ತಿದ್ದವರು ಅರವತ್ತು ದಾಟಿದ ಹೆಂಗಸು, ಹಗಲು ಆಸ್ಪತ್ರೆಯಲ್ಲಿ ನರ್ಸು. ಇಲ್ಲಿ ಅವರನ್ನ ಟೀಚರಮ್ಮ ಅಂತ ಕರೀತೀನಿ. ಅವರ ಹತ್ತಿರ ಹೋಗಿ, “ನನ್ನ ಮೈಯೇ ಸ್ವಲ್ಪ ಬಿರುಸು. ನಮ್ಮ ಮನೇಲಿ ಯಾರೂ ಕುಣಿದವರಲ್ಲ” ಅಂದೆ.

ಟೀಚರಮ್ಮ ನಕ್ಕರು. “ಫ್ರಾಂಕಿಗೂ ಅವರಮ್ಮ ಹಾಗೇ ಹೇಳಿದ್ದರು” ಅಂದರು.

ಯಾರಪ್ಪ ಈ ಫ್ರಾಂಕಿ ಅಂತ ಆ ರಾತ್ರಿ ಹುಡುಕೋಕೆ ಶುರು ಮಾಡಿದವನು ಎರಡು ವಾರ ಅದರಲ್ಲೇ ಮುಳುಗಿಬಿಟ್ಟೆ.

ಫ್ರಾಂಕಿ ಮ್ಯಾನಿಂಗ್ ಹುಟ್ಟಿದ್ದು 1914ರ ಮೇ 26ರಂದು, ಅಮೆರಿಕದ ಫ್ಲಾರಿಡಾದ ಜಾಕ್ಸನ್‌ವಿಲ್ಲಿನಲ್ಲಿ. ಸುಮಾರು ಮೂರು ವರ್ಷದವನಿದ್ದಾಗ ತಾಯಿಯ ಜೊತೆ ನ್ಯೂಯಾರ್ಕಿನ ಹಾರ್ಲೆಂಗೆ ಬಂದ. ಅದು ಕರಿಯ ಜನರ ಊರೊಳಗಿನ ಊರು. ತಾಯಿಗೆ ಕುಣಿತ ಅಂದ್ರೆ ಪ್ರಾಣ. ಒಂದು ದಿನ ಮಗ ಕುಣಿಯೋದನ್ನ ನೋಡಿ, ನಿನ್ನ ಮೈ ಬಗ್ಗೋದೇ ಇಲ್ಲ, ನೀನು ಕುಣಿಯೋನಲ್ಲ ಅಂದುಬಿಟ್ಟಳು. ಹುಡುಗ ರೂಮಿನ ಬಾಗಿಲು ಹಾಕಿಕೊಂಡು, ಗ್ರಾಮಾಫೋನ್ ಹಚ್ಚಿ, ಪೊರಕೆಯನ್ನೋ ಕುರ್ಚಿಯನ್ನೋ ಜೊತೆಗಾತಿ ಮಾಡಿಕೊಂಡು ಕುಣಿದು ಕುಣಿದು ಕಲಿತ. (ಪೊರಕೆ ನಮ್ಮನೇಲೂ ಇದೆ. ಪ್ರಯತ್ನ ಜಾರಿಯಲ್ಲಿದೆ.)

ಹಾರ್ಲೆಮ್ಮಿನ ಲೆನಾಕ್ಸ್ ಅವೆನ್ಯೂದಲ್ಲಿ, 140 ಮತ್ತು 141ನೇ ಬೀದಿಗಳ ನಡುವೆ, 1926ರಲ್ಲಿ ಸವಾಯ್ ಬಾಲ್‌ರೂಮ್ ಅಂತ ಶುರುವಾಯ್ತು. ಒಂದು ಬೀದಿಯಿಂದ ಇನ್ನೊಂದು ಬೀದಿವರೆಗಿನ ಉದ್ದದ ಮರದ ನೆಲ. ಬ್ಯಾಂಡುಗಳಿಗೆ ಎರಡು ವೇದಿಕೆ, ಒಂದು ಬ್ಯಾಂಡು ನಿಲ್ಲಿಸೋ ಹೊತ್ತಿಗೆ ಇನ್ನೊಂದು ಶುರು. ಆ ಕಾಲದ ಅಮೆರಿಕದಲ್ಲಿ ಕರಿಯರು ಬಿಳಿಯರು ಒಂದೇ ನೆಲದ ಮೇಲೆ ಕುಣೀಬಹುದಾಗಿದ್ದ ಕೆಲವೇ ಜಾಗಗಳಲ್ಲಿ ಅದೂ ಒಂದು. ಲಿಂಡಿ ಹಾಪ್ ಬೆಳೆದಿದ್ದು ಅಲ್ಲೇ. ಇಬ್ಬರೂ ಹತ್ತಿರ ಬಂದು, ಜೊತೆಗೆ ಸುತ್ತಿ, ಒಂದು ಕೈ ಮಾತ್ರ ಹಿಡಿದು ಮತ್ತೆ ದೂರ ಸರೀತಾರೆ. ಎಂಟು ಎಣಿಕೆಯಲ್ಲಿ ಇಷ್ಟು. ದೂರ ಸರಿದ ಆ ಗಳಿಗೆಯಲ್ಲಿ ಯಾರು ಏನು ಬೇಕಾದ್ರೂ ಮಾಡಬಹುದು. ಆ ಸಣ್ಣ ಸ್ವಾತಂತ್ರ್ಯವೇ ಇಡೀ ಕುಣಿತದ ಜೀವ.

ಅಲ್ಲಿ ಯಾರೂ ಯಾರಿಗೂ ಪಾಠ ಮಾಡ್ತಿರಲಿಲ್ಲ. ನೋಡೋದು, ಮನೆಗೆ ಹೋಗಿ ಮಾಡಿ ನೋಡೋದು, ಮರುದಿನ ಬಂದು ಎಲ್ಲರೆದುರು ಕುಣಿಯೋದು. ನಾರ್ಮಾ ಮಿಲ್ಲರ್ ಅಂತ ಒಬ್ಬಳು ಹುಡುಗಿ. ಅವಳ ಮನೆ ಸವಾಯ್ ಹಿಂದಿನ ಬೀದಿಯಲ್ಲಿ. ಮನೆಯ ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಕೂತರೆ ಸವಾಯ್ ಕಿಟಕಿಯೊಳಗಿನ ಕುಣಿತ ಕಾಣಿಸ್ತಿತ್ತಂತೆ. 1932ರ ಈಸ್ಟರ್ ಭಾನುವಾರ ಹೊರಗಿನ ಫುಟ್‌ಪಾತಿನಲ್ಲಿ ಕುಣೀತಿದ್ದಾಗ, ಸವಾಯ್‌ನ ಹೆಸರಾಂತ ಕುಣಿತಗಾರ ಟ್ವಿಸ್ಟ್‌ಮೌತ್ ಜಾರ್ಜ್ ಅವಳನ್ನ ಒಳಗೆ ಕರಕೊಂಡು ಹೋಗಿ ತನ್ನ ಜೊತೆ ಕುಣಿಸಿದ. ಆಗ ಅವಳಿಗೆ ಹನ್ನೆರಡು ವರ್ಷ. ಮುಂದೆ ಅವಳೂ ಊರೂರು ತಿರುಗಿ ಕಲಿಸಿದಳು, 2019ರಲ್ಲಿ ತೊಂಬತ್ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡಳು.

ಫ್ರಾಂಕಿಗೆ ಹೆಸರು ಬಂದಿದ್ದು 1935ರಲ್ಲಿ. ಸವಾಯ್‌ನಲ್ಲಿ ಎರಡು ಗುಂಪುಗಳ ಪಂದ್ಯ. ಎದುರಿಗಿದ್ದವನು ಆಗಿನ ದೊಡ್ಡ ಹೆಸರು, ಶಾರ್ಟಿ ಸ್ನೋಡನ್. ಹೆಸರಿಗೆ ತಕ್ಕ ಹಾಗೆ ಗಿಡ್ಡ, ಅವನ ಜೊತೆಗಾತಿ ಬಿಗ್ ಬೀ ಅವನಿಗಿಂತ ತುಂಬಾ ಎತ್ತರ. ಕುಣಿತದ ಕೊನೆಗೆ ಅವಳು ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗ್ತಿದ್ದಳು, ಜನ ಬಿದ್ದು ಬಿದ್ದು ನಗ್ತಿದ್ರು. ಫ್ರಾಂಕಿ ಇದನ್ನೇ ತಲೆಯಲ್ಲಿಟ್ಟುಕೊಂಡು, ಹೊತ್ತವಳನ್ನು ಬೆನ್ನಿನ ಮೇಲಿಂದ ಉರುಳಿಸಿ ತಾಳಕ್ಕೆ ಸರಿಯಾಗಿ ಮುಂದೆ ಇಳಿಸಿದರೆ ಹೇಗೆ ಅಂತ ಯೋಚನೆ ಮಾಡಿದ. ಫ್ರೀಡಾ ವಾಷಿಂಗ್ಟನ್ ಜೊತೆ ಗುಟ್ಟಾಗಿ ಅಭ್ಯಾಸ ಮಾಡಿ, ಚಿಕ್ ವೆಬ್‌ನ ಬ್ಯಾಂಡಿಗೆ ಅದನ್ನ ಮಾಡಿ ತೋರಿಸಿದ. ಲಿಂಡಿ ಹಾಪಿನಲ್ಲಿ ಗಾಳಿಯಲ್ಲಿ ಎಸೆದು ಹಿಡಿಯೋ ಸ್ಟೆಪ್ಪು ಶುರುವಾಗಿದ್ದು ಆ ದಿನ ಅಂತಾರೆ.

ಅಲ್ಲಿಂದ ಮುಂದೆ ವೈಟೀಸ್ ಲಿಂಡಿ ಹಾಪರ್ಸ್ ತಂಡ, ಯುರೋಪು, ಆಸ್ಟ್ರೇಲಿಯಾ ತಿರುಗಾಟ, ಸಿನಿಮಾ. 1941ರ ‘ಹೆಲ್ಜಪಾಪಿನ್’ ಚಿತ್ರದಲ್ಲಿನ ಅವರ ಕುಣಿತವನ್ನ ದಯವಿಟ್ಟು ಒಮ್ಮೆ ನೋಡಿ. ಉಸಿರು ಕಟ್ಟುತ್ತೆ. ಎರಡನೇ ಸಲ ನೋಡುವಾಗ ಅವರು ಹಾಕಿರೋ ಬಟ್ಟೆ ಗಮನಿಸಿ. ಅಡುಗೆಯವರು, ಮನೆಗೆಲಸದವರು, ಮೆಕ್ಯಾನಿಕ್ಕುಗಳು. ಜಗತ್ತಿನಲ್ಲೇ ಇವರ ಸಮಕ್ಕೆ ಕುಣಿಯೋರಿಲ್ಲ, ಆದರೂ ಸಿನಿಮಾದೊಳಗೆ ಬರಬೇಕಾದ್ರೆ ಆಳುಗಳ ವೇಷದಲ್ಲೇ ಬರಬೇಕು.

ಆಮೇಲೆ ಯುದ್ಧ. ಫ್ರಾಂಕಿ ಸೈನ್ಯಕ್ಕೆ ಹೋದ. ವಾಪಸ್ ಬಂದು ಕಾಂಗರೂಸ್ ಅಂತ ಸಣ್ಣ ತಂಡ ಕಟ್ಟಿದ, ಆದರೆ ಅಷ್ಟೊತ್ತಿಗೆ ಜನರ ಕಿವಿ ಬೇರೆ ಸಂಗೀತಕ್ಕೆ ಹೊರಳಿತ್ತು. 1955ರಲ್ಲಿ ತಂಡ ಮುಚ್ಚಿತು. 1958ರಲ್ಲಿ ಸವಾಯ್ ಕೂಡ ಮುಚ್ಚಿತು, ಆ ಜಾಗದಲ್ಲಿ ಮನೆಗಳೆದ್ದವು. ಹೆಂಡತಿ ಮಕ್ಕಳಿದ್ದ ಫ್ರಾಂಕಿ ಅಂಚೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ.

ಎಷ್ಟು ವರ್ಷ? ಮೂವತ್ತಕ್ಕೂ ಹೆಚ್ಚು.

ಇಲ್ಲಿ ನಾನು ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಈ ಕತೆಯಲ್ಲಿ ಸ್ವೀಡನ್ನಿನವರು ಬರೋದು ಆಮೇಲೆ. ಹಳೇ ಸಿನಿಮಾ ತುಣುಕುಗಳನ್ನ ನೋಡಿ ನೋಡಿ ಹುಚ್ಚು ಹಿಡಿದ ಕೆಲವರು ಸ್ಟಾಕ್‌ಹೋಮಿನಿಂದ 1984ರಲ್ಲಿ ನ್ಯೂಯಾರ್ಕಿಗೆ ಹೋಗಿ, ಹೆಲ್ಜಪಾಪಿನ್‌ನಲ್ಲಿ ಕುಣಿದಿದ್ದ ಆಲ್ ಮಿನ್ಸ್ ಅನ್ನೋರನ್ನ ಪತ್ತೆ ಮಾಡಿದರು. ಇಲ್ಲಿಗೆ ಕರೆಸಿ ಕಲಿತರು. ಮರುವರ್ಷವೇ ಆತ ತೀರಿಕೊಂಡ. ಒಂದು ವರ್ಷ ತಡವಾಗಿದ್ರೆ?

ಅತ್ತ ಕ್ಯಾಲಿಫೋರ್ನಿಯಾದ ಪ್ಯಾಸಡಿನಾದಿಂದ ಎರಿನ್ ಸ್ಟೀವನ್ಸ್ ಮತ್ತು ಅವಳ ಜೊತೆಗಾರ ಇದೇ ಹುಡುಕಾಟದಲ್ಲಿದ್ದರು. 1986ರಲ್ಲಿ ನ್ಯೂಯಾರ್ಕಿನ ಟೆಲಿಫೋನ್ ಡೈರೆಕ್ಟರಿಯಲ್ಲಿ ಫ್ರಾಂಕ್ ಮ್ಯಾನಿಂಗ್ ಅನ್ನೋ ಹೆಸರು ನೋಡಿ ಅವಳು ಫೋನ್ ಮಾಡಿದಳು. ಕುಣಿತಗಾರ ಫ್ರಾಂಕಿ ಮ್ಯಾನಿಂಗ್ ನೀವೇನಾ ಅಂತ ಕೇಳಿದಳು. ಅಲ್ಲ, ನಾನು ಅಂಚೆ ಇಲಾಖೆಯ ಫ್ರಾಂಕಿ ಮ್ಯಾನಿಂಗ್ ಅಂತ ಉತ್ತರ ಬಂತಂತೆ. ಸುಳ್ಳೇನಲ್ಲ ಬಿಡಿ. ಮೂವತ್ತು ವರ್ಷದಿಂದ ಅವರು ಅದೇ ಆಗಿದ್ದರು.

ಅವಳು ಸಾರಿ ಹೇಳಿ ಫೋನ್ ಇಡಬಹುದಿತ್ತು. ಇಡಲಿಲ್ಲ. ಮತ್ತೆ ಕೇಳಿದಳು. ಹಿಂದೆ ಕುಣೀತಿದ್ದೆ ಅಂತ ಒಪ್ಪಿಕೊಂಡರು. ಕಲಿಸ್ತೀರಾ ಅಂದರೆ, ನಾನು ಕಲಿಸೋನಲ್ಲ ಅಂದರು. ಅದಕ್ಕೂ ಅವಳು ಬಿಡಲಿಲ್ಲ. ಕೊನೆಗೆ ಇಬ್ಬರೂ ನ್ಯೂಯಾರ್ಕಿಗೆ ಹೋಗಿ ಅವರಿಂದ ಕಲಿತೇ ಕಲಿತರು. ಎಪ್ಪತ್ತು ದಾಟಿದ ಮೇಲೆ ಫ್ರಾಂಕಿ ಮೇಷ್ಟ್ರಾದರು. (ಗಮನಿಸಿದ್ರಾ, ಇಲ್ಲಿಂದ ನನಗೆ ಅವರನ್ನ ಏಕವಚನದಲ್ಲಿ ಬರೆಯೋಕೆ ಕೈಯೇ ಬರ್ತಿಲ್ಲ.)

1987ರಲ್ಲಿ ಅಂಚೆ ಕೆಲಸದಿಂದ ನಿವೃತ್ತಿ. ಅದೇ ವರ್ಷ ಸ್ಟಾಕ್‌ಹೋಮಿಗೆ ಬಂದರು. ಇಲ್ಲಿಂದ ಸುಮಾರು ನೂರು ಕಿಲೋಮೀಟರ್ ಉತ್ತರಕ್ಕೆ ಹೆರೆಂಗ್ ಅಂತ ಪುಟ್ಟ ಹಳ್ಳಿ ಇದೆ. ಅಲ್ಲಿ 1982ರಲ್ಲಿ ಶುರುವಾಗಿದ್ದ ಬೇಸಿಗೆ ಶಿಬಿರಕ್ಕೆ 1989ರಿಂದ ಬಂದು ಕಲಿಸತೊಡಗಿದರು. ಅದೇ 1989ರಲ್ಲಿ ಬ್ರಾಡ್‌ವೇಯ ‘ಬ್ಲ್ಯಾಕ್ ಅಂಡ್ ಬ್ಲೂ’ಗೆ ನೃತ್ಯ ಸಂಯೋಜಿಸಿದ ನಾಲ್ವರಲ್ಲಿ ಒಬ್ಬರಾಗಿ ಟೋನಿ ಪ್ರಶಸ್ತಿಯೂ ಬಂತು. ಆದರೆ ನನಗೆ ಪ್ರಶಸ್ತಿಗಿಂತ ಆ ಪಾಠದ ಮೇಲೇ ಕಣ್ಣು. ಎಣಿಸಿ ಕಲಿತವರಲ್ಲ ಅವರು, ಕಣ್ಣಲ್ಲಿ ನೋಡಿ ಮೈಯಲ್ಲಿ ಇಳಿಸಿಕೊಂಡವರು. ಈಗ ವಿದ್ಯಾರ್ಥಿಗಳು ಎಡಗಾಲು ಯಾವಾಗ, ಬಲಗಾಲು ಯಾವಾಗ ಅಂತ ಕೇಳ್ತಾರೆ! ತಾನು ಹೇಗೆ ಕುಣೀತೀನಿ ಅನ್ನೋದನ್ನ ಆ ವಯಸ್ಸಿನಲ್ಲಿ ಬಿಡಿಸಿ ನೋಡಬೇಕಾಯ್ತು.

ನಮ್ಮ ಟೀಚರಮ್ಮ ಈ ದಾರಿಗೆ ಬಂದಿದ್ದೂ ಹೆರೆಂಗ್‌ನಿಂದಲೇ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಶಿಬಿರದ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯೋ ಕೆಲಸಕ್ಕೆ ಹೋಗಿದ್ದರಂತೆ. ಪಕ್ಕದ ಹಾಲಿನಿಂದ ಬರ್ತಿದ್ದ ನಗು ತಡೆಯೋಕಾಗದೆ, ಕೈ ಒರೆಸಿಕೊಂಡು ಹೋಗಿ ಇಣುಕಿದರು. ಮುಂದಿನ ವರ್ಷ ಫ್ರಾಂಕಿಯ ಕ್ಲಾಸಿಗೇ ಸೇರಿದರು. ಕುಣಿಯೋ ಮೊದಲು ಜೊತೆಗಾತಿಗೆ ರಾಣಿಗೆ ಬಗ್ಗುವ ಹಾಗೆ ಬಗ್ಗಿ ನಮಸ್ಕಾರ ಮಾಡಬೇಕು ಅನ್ನೋದು ಫ್ರಾಂಕಿ ಎಲ್ಲರಿಗೂ ಹೇಳಿಕೊಡ್ತಿದ್ದ ಪಾಠ. ನಮ್ಮ ಕ್ಲಾಸಿನಲ್ಲಿ ಈಗಲೂ ಅದೇ ಮೊದಲ ಸ್ಟೆಪ್ಪು. ನನಗೆ ತಪ್ಪಿಲ್ಲದೆ ಬರೋದೂ ಸದ್ಯಕ್ಕೆ ಅದೊಂದೇ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಟೀಚರಮ್ಮನ ಹತ್ತಿರ ನಾನೊಂದು ಸುಳ್ಳು ಹೇಳಿದ್ದೆ. ನಮ್ಮ ಮನೇಲಿ ಯಾರೂ ಕುಣಿದವರಲ್ಲ ಅಂತ.

ನಮ್ಮ ದೊಡ್ಡಪ್ಪ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದರು. ಬಿಳಿ ಪಂಚೆ, ಜೇಬಲ್ಲಿ ಎರಡು ಪೆನ್ನು, ಮಾತು ಕಡಿಮೆ. ಸಕ್ಕರೆ, ಸೀಮೆಎಣ್ಣೆ, ರಸೀತಿ ಪುಸ್ತಕ. ಅವರು ಅಷ್ಟೇ ಅಂತ ನಾವೆಲ್ಲ ತಿಳಿದಿದ್ದೆವು. ತೀರಿಕೊಂಡಾಗ ವೈಕುಂಠ ಸಮಾರಾಧನೆಗೆ ಬಂದಿದ್ದ ಮುದುಕರೊಬ್ಬರು ಊಟದ ಪಂಕ್ತಿಯಲ್ಲಿ ಅಂದರು: “ನಿಮ್ಮ ದೊಡ್ಡಪ್ಪನ ಬಭ್ರುವಾಹನ ನೋಡಬೇಕಿತ್ತು ನೀನು. ಎರಡು ವರ್ಷ ಮೇಳದಲ್ಲಿ ತಿರುಗಿದ್ದ. ಅವನ ಮಂಡಿ ಕುಣಿತಕ್ಕೆ ಚಂಡೆಯವನಿಗೇ ಕೈ ಸೋಲ್ತಿತ್ತು.” ನಾನು ಪಾಯಸದ ದೊನ್ನೆ ಹಿಡಕೊಂಡು ಹಾಗೇ ಕೂತಿದ್ದೆ. ಆಮೇಲೆ ಅಪ್ಪನನ್ನು ಕೇಳಿದರೆ, “ಹೌದು, ಕುಣೀತಿದ್ದ. ಅಜ್ಜ ಬೈದು ಬಿಡಿಸಿದ್ರು. ಹಳೇ ಕತೆ ಅದು” ಅಂದರು, ಅಷ್ಟೇ.

ಅದಕ್ಕಿಂತ ಹೆಚ್ಚು ಕಾಡೋದು ಇನ್ನೊಂದಿದೆ. ನನಗೆ ಹತ್ತು ವರ್ಷ ಇದ್ದಿರಬೇಕು. ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋಗಿತ್ತು. ದೊಡ್ಡಪ್ಪ ಜಗಲಿಯ ತುದಿಯಲ್ಲಿ ಒಬ್ಬರೇ ಕೂತು, ಮಣೆಯ ಮೇಲೆ ಬೆರಳಲ್ಲಿ ತಾಳ ಹಾಕ್ತಿದ್ದರು. ಪಾದದ ಹೆಬ್ಬೆರಳು ಅದಕ್ಕೆ ಸರಿಯಾಗಿ ಅಲುಗ್ತಿತ್ತು. “ದೊಡ್ಡಪ್ಪ, ಎಂತ ಅದು?” ಅಂದೆ. ಕೈ ನಿಂತಿತು. “ಎಂತದೂ ಇಲ್ಲ, ಹೋಗಿ ಮಲಗು” ಅಂದರು. ನಾನು ಹೋಗಿ ಮಲಗಿದೆ.

ಮೊದಲ ಸಲ ಕೇಳಿದರೆ ಫ್ರಾಂಕಿಯೂ ಅಲ್ಲ ಅಂತಲೇ ಅಂದಿದ್ದರು. ಮೂವತ್ತು ವರ್ಷ ಯಾರೂ ಕೇಳದೇ ಇದ್ದುದನ್ನ ಇದ್ದಕ್ಕಿದ್ದಂತೆ ಯಾರೋ ಕೇಳಿದರೆ ಬಾಯಿಗೆ ಬರೋ ಉತ್ತರ ಅದೇ ಇರಬೇಕು. ಪ್ಯಾಸಡಿನಾದ ಆ ಹುಡುಗಿ ಎರಡನೇ ಸಲ ಕೇಳಿದಳು. ನಾನು ಕೇಳಲಿಲ್ಲ. ಹತ್ತು ವರ್ಷದ ಹುಡುಗನಿಗೇನು ಗೊತ್ತು ಅಂತ ನೀವು ಸಮಾಧಾನ ಹೇಳಬಹುದು. ಆದರೆ ಆಮೇಲೂ ಇಪ್ಪತ್ತು ವರ್ಷ ದೊಡ್ಡಪ್ಪ ಬದುಕಿದ್ದರು. ಪ್ರತಿ ರಜೆಗೆ ಹೋದಾಗಲೂ ಅದೇ ಜಗಲಿಯಲ್ಲಿ ಕೂತು ಕ್ರಿಕೆಟ್ಟು, ಅಡಿಕೆ ರೇಟು ಮಾತಾಡಿದ್ದೇವೆ.

ಫ್ರಾಂಕಿ 2009ರ ಏಪ್ರಿಲ್ 27ರಂದು ತೀರಿಕೊಂಡರು, ತೊಂಬತ್ತೈದು ತುಂಬೋಕೆ ಇನ್ನೊಂದೇ ತಿಂಗಳಿತ್ತು. ಅವರ ಹುಟ್ಟಿದ ದಿನ ಮೇ 26ನ್ನ ಜಗತ್ತಿನ ಸುಮಾರು ಊರುಗಳಲ್ಲಿ ಲಿಂಡಿ ಹಾಪ್ ದಿನ ಅಂತ ಆಚರಿಸ್ತಾರೆ. ದೊಡ್ಡಪ್ಪನ ಮಂಡಿ ಕುಣಿತ ಹೇಗಿತ್ತು ಅಂತ ಹೇಳಬಲ್ಲವರು ಆ ಪಂಕ್ತಿಯ ಮುದುಕರೊಬ್ಬರಿದ್ದರು. ಹೋದ ವರ್ಷ ಅವರೂ ಹೋದರು.

ಕಳೆದ ಮಂಗಳವಾರ ಕ್ಲಾಸು ಮುಗಿದ ಮೇಲೆ ಟೀಚರಮ್ಮನಿಗೆ ಇದನ್ನೆಲ್ಲ ಹೇಳಿದೆ. ಯಕ್ಷಗಾನ ಅಂದ್ರೇನು ಅಂತ ವಿವರಿಸೋಕೇ ಹತ್ತು ನಿಮಿಷ ಬೇಕಾಯ್ತು. ಪೂರ್ತಿ ಕೇಳಿ, “ಆ ತಾಳ ನೆನಪಿದೆಯಾ?” ಅಂದರು.

“ಇಲ್ಲ” ಅಂದೆ.

ಅವರು ಕೋಟು ಹಾಕಿಕೊಳ್ಳೋದನ್ನ ನಿಲ್ಲಿಸಿ, “ನಿಜವಾಗ್ಲೂ ಇಲ್ವಾ?” ಅಂತ ಮತ್ತೆ ಕೇಳಿದರು.

ಹಾಲಿನ ಮೂಲೆಯಲ್ಲಿದ್ದ ಮರದ ಬೆಂಚಿನ ಮೇಲೆ ಬೆರಳಿಟ್ಟೆ. ಪೂರ್ತಿ ಬರಲಿಲ್ಲ, ನಡುವೆ ಎಲ್ಲೋ ತಪ್ಪಿತು. ಆದರೆ ಶುರುವಿನ ನಾಲ್ಕು ಪೆಟ್ಟು ಬಂತು.