ಉರಿಯದ ಹಗ್ಗ

ಕೆಆರ್‌ಎಸ್ ರಸ್ತೆಯಿಂದ ಮೇಟಗಳ್ಳಿಯ ಒಳಕ್ಕೆ ತಿರುಗಿದರೆ ನನ್ನ ಸೋದರಮಾವನ ಗ್ಯಾರೇಜು ಸಿಗುತ್ತಿತ್ತು. ನಾಲ್ಕು ಕಂಬ, ಮೇಲೆ ಆರು ಸಿಮೆಂಟ್ ಶೀಟು, ಅಷ್ಟೇ. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದ ನನ್ನನ್ನು 1984ರಲ್ಲಿ ಅಪ್ಪ ಅಲ್ಲಿ ತಂದು ಬಿಟ್ಟರು. ಯಾದವಗಿರಿಯ ಜಾವಾ ಕಾರ್ಖಾನೆ ಆಗಿನ್ನೂ ನಡೆಯುತ್ತಿತ್ತು. ಶಿಫ್ಟು ಬಿಟ್ಟ ಹೊತ್ತಿಗೆ ರಸ್ತೆ ತುಂಬ ಸೈಕಲ್ಲು, ನಡುನಡುವೆ ಜಾವಾ, ಯೆಜ್ಡಿಗಳ ಬಡಬಡ ಸದ್ದು.

ನನಗೆ ಮೊದಲು ಕೊಟ್ಟ ಕೆಲಸ ಬ್ರೇಕಿನದು. ಆಗ ಶೂ ಹಾಳಾಯಿತೆಂದು ಯಾರೂ ಹೊಸದು ಕೊಳ್ಳುತ್ತಿರಲಿಲ್ಲ. ಸವೆದ ಲೈನರಿನ ರಿವೆಟ್ಟುಗಳನ್ನು ಉಳಿಯಿಂದ ಹಾರಿಸಿ, ಅದೇ ಶೂಗೆ ಹೊಸ ಲೈನರ್ ಕೂರಿಸಿ ರಿವೆಟ್ ಬಡಿಯುವುದು. ಆಮೇಲೆ ಡ್ರಮ್ಮಿಗೆ ಸರಿಹೋಗುವ ತನಕ ಅರ ಹಾಕಿ ಉಜ್ಜುವುದು. ಉಜ್ಜಿದಷ್ಟೂ ಬೂದು ಬಣ್ಣದ ನುಣ್ಣನೆಯ ಪುಡಿ ಏಳುತ್ತಿತ್ತು. ಡ್ರಮ್ಮನ್ನು ಮಾವ ಮುಖದ ಹತ್ತಿರ ಹಿಡಿದು 'ಫೂ' ಎಂದು ಊದಿಬಿಡುತ್ತಿದ್ದರು. ಪಕ್ಕದಲ್ಲಿಟ್ಟ ಟೀ ಲೋಟದ ಕೆನೆಯ ಮೇಲೆ ಅದು ಹೋಗಿ ಕೂರುತ್ತಿತ್ತು. ನಾವು ಬೆರಳಲ್ಲಿ ಕೆನೆ ತೆಗೆದೆಸೆದು ಟೀ ಕುಡಿಯುತ್ತಿದ್ದೆವು.

ಆ ಲೈನರಿನಲ್ಲಿ ಇದ್ದದ್ದು ಆಸ್ಬೆಸ್ಟಾಸ್. ನಮ್ಮ ಮಾತಿನಲ್ಲಿ ಕಲ್ನಾರು. ಎಷ್ಟು ಸರಿಯಾದ ಹೆಸರು ನೋಡಿ, ಕಲ್ಲೂ ಹೌದು, ನಾರೂ ಹೌದು. ಹೊಳೆನರಸೀಪುರದ ಕಡೆಯ ನೆಲದಲ್ಲೇ ಇದು ಸಿಗುತ್ತದೆ. ಹತ್ತಿಯಂತೆ ಎಳೆ ಬಿಡುತ್ತದೆ, ಬೆಂಕಿಗೆ ಜಗ್ಗುವುದಿಲ್ಲ. ಅದಕ್ಕೇ ಬ್ರೇಕು, ಬಾಯ್ಲರು, ಮನೆಯ ಸೂರು ಎಲ್ಲದರೊಳಗೂ ಅದು ಸೇರಿಕೊಂಡಿತು.

ಆದರೆ ನಾನು ಬರೆಯಲು ಕೂತದ್ದು ಬ್ರೇಕಿನ ಧೂಳಿನ ಬಗ್ಗೆಯಲ್ಲ, ನಮ್ಮ ವಠಾರದ ಕೊನೇ ಮನೆಯಲ್ಲಿದ್ದ ಒಬ್ಬರ ಬಗ್ಗೆ. ನಾವೆಲ್ಲ ಅವರನ್ನು ಅಣ್ಣಯ್ಯ ಎನ್ನುತ್ತಿದ್ದೆವು. ಕಂಟ್ರಾಕ್ಟರ ಕೈಕೆಳಗೆ ಲ್ಯಾಗಿಂಗ್ ಕೆಲಸ. ಇವತ್ತು ಒಂದು ಕಾರ್ಖಾನೆ, ಮುಂದಿನ ತಿಂಗಳು ಇನ್ನೊಂದು. ಕಲ್ನಾರಿನ ಬಿಳಿ ಪುಡಿಯನ್ನು ಬಾಂಡ್ಲಿಗೆ ಸುರಿದು, ನೀರು ಹಾಕಿ, ಗೋಡೆಗೆ ಮೆತ್ತುವ ಮಣ್ಣಿನ ಹದಕ್ಕೆ ಕಲಸಿ ಹಬೆಯ ಪೈಪಿನ ಸುತ್ತ ಬರಿಗೈಯಲ್ಲಿ ಮೆತ್ತುವುದು. ರಿಪೇರಿ ಬಂದರೆ ಒಣಗಿದ ಹಳೇ ಮೆತ್ತಿಗೆಯನ್ನು ಸುತ್ತಿಗೆಯಲ್ಲಿ ಬಡಿದು ಉದುರಿಸುವುದು. ಸಂಜೆ ಮನೆಗೆ ಬಂದರೆ ರೆಪ್ಪೆಗೂದಲೂ ಬೆಳ್ಳಗೆ. ಅವರ ಹೆಂಡತಿ, ನಮಗೆಲ್ಲ ಅಕ್ಕ, ಆ ಬಟ್ಟೆಯನ್ನು ಬಾಗಿಲಲ್ಲೇ ಕೊಡವಿ ಒಗೆಯುವ ಕಲ್ಲಿಗೆ ಒಯ್ಯುತ್ತಿದ್ದರು.

ಒಮ್ಮೆ ಅವರು ಮಿಕ್ಕಿದ ಕಲ್ನಾರಿನ ಹಗ್ಗದ ತುಂಡೊಂದನ್ನು ತಂದಿದ್ದರು. ಬಚ್ಚಲ ಒಲೆಯ ಬೆಂಕಿಗೆ ಹಿಡಿದು, "ನೋಡ್ರೋ, ಉರಿಯಕಿಲ್ಲ!" ಎಂದು ನಕ್ಕರು. ಹಗ್ಗ ಕೆಂಪಗಾಯಿತು, ಹೊರತೆಗೆದ ಮೇಲೆ ಮತ್ತೆ ಮೊದಲಿನಂತೆ ಬೆಳ್ಳಗಾಯಿತು. ಹುಡುಗರೆಲ್ಲ ಕಿತ್ತಾಡಿ ಎಳೆ ಎಳೆ ಹಂಚಿಕೊಂಡೆವು.

ಬೆಂಕಿಯಲ್ಲಿ ಕರಗದ್ದು ಮೈಯಲ್ಲಿ ಕರಗೀತೇ? ಒಳಗೆ ಹೋದ ಎಳೆಗಳನ್ನೆಲ್ಲ ಹೊರಹಾಕಲು ಶ್ವಾಸಕೋಶಕ್ಕೆ ಆಗುವುದಿಲ್ಲ. ಕೆಲವು ಎಳೆ ಶ್ವಾಸಕೋಶವನ್ನು ಸುತ್ತಿರುವ ತೆಳು ಪೊರೆಯ ತನಕ ಹೋಗಿ ನಿಲ್ಲುತ್ತವೆ. ಆ ಪೊರೆಗೆ ಬರುವ ಕ್ಯಾನ್ಸರಿನ ಹೆಸರು ಮೆಸೊಥೆಲಿಯೋಮ. 1960ರಲ್ಲಿ ವ್ಯಾಗ್ನರ್ ಎಂಬ ವೈದ್ಯರೂ ಅವರ ಜೊತೆಯವರೂ ದಕ್ಷಿಣ ಆಫ್ರಿಕಾದ ಗಣಿ ಸೀಮೆಯ 33 ರೋಗಿಗಳನ್ನು ನೋಡಿ ಕಲ್ನಾರಿಗೂ ಇದಕ್ಕೂ ಇರುವ ನಂಟನ್ನು ಬರೆದಿಟ್ಟರು. ನಾನು ಅರ ಹಿಡಿಯುವುದಕ್ಕೆ 24 ವರ್ಷ ಮೊದಲಿನ ಮಾತು ಇದು. ಮೇಟಗಳ್ಳಿಯ ನಮ್ಮ ಶೀಟಿನ ಕೆಳಕ್ಕೆ ಆ ಸುದ್ದಿ ಯಾರೂ ತರಲಿಲ್ಲ.

ರೋಗ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಹಿಡಿಯುತ್ತದೆ. ಅಣ್ಣಯ್ಯ ಕೆಲಸ ಬಿಟ್ಟು ಊರು ಸೇರಿ ಎಷ್ಟೋ ವರ್ಷವಾದ ಮೇಲೆ, 2010ರ ಸುಮಾರಿಗೆ, ಉಸಿರು ಕಟ್ಟತೊಡಗಿತು. ಎದೆಯಲ್ಲಿ ನೀರು ತುಂಬಿತ್ತು. ತೆಗೆದರೆ ಮತ್ತೆ ತುಂಬುತ್ತಿತ್ತು. ಕ್ಷಯವೆಂದು ಆರು ತಿಂಗಳು ಮಾತ್ರೆ ನುಂಗಿದರು. ಎದೆಗೆ ನೀರು ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಅದೇ. ಕೊನೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಪೊರೆಯ ಚೂರು ತೆಗೆದು ಪರೀಕ್ಷೆ ಮಾಡಿದಾಗ ನಿಜ ತಿಳಿಯಿತು. ನೋಡಲು ಹೋದಾಗ ಅಕ್ಕ ಕೇಳಿದ್ದು ಒಂದೇ: "ಬೀಡಿ ಮುಟ್ಟಿದ ಮನುಷ್ಯ ಅಲ್ಲ ಕಣಪ್ಪ, ಎಲ್ಲಿಂದ ಬಂತು?" ಈ ರೋಗಕ್ಕೆ ಬೀಡಿ ಬೇಕಿಲ್ಲ. ಕಲ್ನಾರಿನ ಜೊತೆ ಬೀಡಿಯೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ, ಅದು ಬೇರೆ ಲೆಕ್ಕ. ಅಣ್ಣಯ್ಯ ಮುಂದಿನ ಯುಗಾದಿ ನೋಡಲಿಲ್ಲ.

1995ರ ಜನವರಿಯಲ್ಲೇ ಸುಪ್ರೀಂ ಕೋರ್ಟು, ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಹೇಳಿತ್ತು. ರೋಗ ಬಿದ್ದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರವನ್ನೂ ಹೇಳಿತ್ತು. ಅಣ್ಣಯ್ಯನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ವಾರದ ಬಟವಾಡೆಯಾಗುತ್ತಿದ್ದದ್ದು ಕಂಟ್ರಾಕ್ಟರ ಜೇಬಿನಿಂದ.

ನಮ್ಮ ಕಸುಬೂ ಬದಲಾಯಿತು. ಯಾರೂ ಚಳವಳಿ ಮಾಡಿ ಬದಲಾಯಿಸಿದ್ದಲ್ಲ. ಪೆಟ್ಟಿಗೆಯ ಮೇಲೆ 'ಆಸ್ಬೆಸ್ಟಾಸ್ ರಹಿತ' ಎಂಬ ಅಕ್ಷರ ಬಂತು, ಲೈನರ್ ಅಂಟಿಸಿದ ರೆಡಿ ಶೂ ಬಂತು, ಡಿಸ್ಕ್ ಬ್ರೇಕ್ ಬಂತು. ರಿವೆಟ್ ಬಡಿಯಲು ಬರುವ ಹುಡುಗ ಈಗ ನನ್ನ ಗ್ಯಾರೇಜಿನಲ್ಲಿ ಒಬ್ಬನೂ ಇಲ್ಲ. ಸುಟ್ಟ ಬ್ರೇಕಿನ ಧೂಳಿನಲ್ಲಿ ಎಳೆ ಬಹುಪಾಲು ರೂಪ ಕಳೆದುಕೊಂಡಿರುತ್ತದಂತೆ, ಹೊಸ ಲೈನರ್ ಉಜ್ಜಿದ ಪುಡಿಯೇ ಹೆಚ್ಚು ಕೆಟ್ಟದ್ದು. ಓದಿ ಅರ್ಧ ಸಮಾಧಾನವಾಯಿತು, ಅರ್ಧ ಆಗಲಿಲ್ಲ. ಉಜ್ಜಿದವನು ನಾನೇ.

ಕಲ್ನಾರು ಬೆರೆತ ಸಿಮೆಂಟ್ ಶೀಟು ಮಾತ್ರ ಇಂದಿಗೂ ನಿಷೇಧವಾಗಿಲ್ಲ. ಹಳೇ ವಠಾರಗಳು ಉರುಳಿ ಮೂರು ಅಂತಸ್ತಿನ ಬಾಡಿಗೆ ಮನೆಗಳು ಏಳುತ್ತಿವೆ. ಮೊನ್ನೆ ಪಕ್ಕದ ಬೀದಿಯಲ್ಲಿ ಇಬ್ಬರು ಹುಡುಗರು ಶೀಟಿನ ಮೇಲೆ ನಿಂತು ಸುತ್ತಿಗೆಯಲ್ಲಿ ಚೂರು ಮಾಡುತ್ತಿದ್ದರು, ಮೂಗಿಗೆ ಕರ್ಚೀಫು. ಆ ಎಳೆಗೆ ಕರ್ಚೀಫು ಜರಡಿ ಇದ್ದ ಹಾಗೆ. ಗಟ್ಟಿಯಾಗಿರುವ ಶೀಟು ತನ್ನ ಪಾಡಿಗೆ ಇದ್ದರೆ ಅಷ್ಟೇನೂ ಧೂಳು ಬಿಡುವುದಿಲ್ಲ. ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಬಿಡುತ್ತದೆ. ನೀರು ಹೊಡೆದು ನೆನೆಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ ಎಂದೆ. ಮೇಸ್ತ್ರಿ, "ಟೈಮ್ ಇಲ್ಲ ಸಾರ್" ಎಂದ.

ಹೋದ ವರ್ಷ ಕೆಮ್ಮು ಬಿಡದೆ ಎಕ್ಸರೇ ತೆಗೆಸಿದೆ. ಡಾಕ್ಟರು ಸಿಗರೇಟು ಸೇದುತ್ತೀರಾ, ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳಿದರು. ಹಳೇ ಕೆಲಸ ಕೇಳಲಿಲ್ಲ. ನಾನೇ ಹೇಳಿದೆ. ಅವರು ತಲೆಯೆತ್ತಿ ನೋಡಿ, ಚೀಟಿಯ ಮೂಲೆಯಲ್ಲಿ ಬರೆದುಕೊಂಡರು. ಎಕ್ಸರೇ ಸದ್ಯಕ್ಕೆ ಚೆನ್ನಾಗಿದೆ. ಲ್ಯಾಗಿಂಗ್, ಲೈನರ್, ಶೀಟು, ಯಾವುದರಲ್ಲಿ ದುಡಿದಿದ್ದರೂ, ಅಂಥ ಬಟ್ಟೆ ಒಗೆದಿದ್ದರೂ ಸರಿ, ಡಾಕ್ಟರು ಕೇಳದಿದ್ದರೆ ನೀವೇ ಹೇಳಿ. ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.