ಒದ್ದೆ ಕಾಲುಚೀಲ

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ ಸೀಮೆಯಲ್ಲಿ ಒಣಗಿದ್ದೆಂದು ಉಳಿಯುವುದು ಒಲೆಯ ಮೇಲಿನ ಅಟ್ಟ ಮಾತ್ರ. ಅಂಥ ಮಳೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಆರು ಕಿಲೋಮೀಟರ್ ಸೈಕಲ್ ತುಳಿದು ಶಾಲೆಗೆ ಬರುತ್ತಿದ್ದಳು. ಮೈಗೆ ರೇನ್‌ಕೋಟು, ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ. ಕಾಲಿಗೆ ಮಾತ್ರ ನಿಯಮದ ಕಪ್ಪು ಬೂಟು, ಬಿಳಿ ಕಾಲುಚೀಲ. ಎರಡೂ ಸಂಜೆಯ ಗಂಟೆ ಹೊಡೆಯುವ ತನಕ ಒದ್ದೆ.

ಮೂರನೇ ವಾರಕ್ಕೆ ಬೆರಳ ಸಂದಿ ಬೆಳ್ಳಗಾಗಿ ಸೀಳಿತು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ 'ಮಳೆ ಬಿಡುವವರೆಗೆ ಶಾಲೆ ಬೇಡ' ಎಂದಾರೆಂಬ ಹೆದರಿಕೆ. ಅಕ್ಕನ ಓದು ನಿಂತದ್ದೂ ಒಂದು ಮಳೆಗಾಲದಲ್ಲೇ. ಕೊನೆಗೆ ಅವಳು ಕುಂಟುವುದನ್ನು ಕಂಡು ಅಪ್ಪನೇ ಬೂಟು ಬಿಚ್ಚಿಸಿದ. ವೈದ್ಯರು ಮುಲಾಮು ಕೊಟ್ಟರು. ಗಾಯ ಮಾಯುವವರೆಗೆ ಗುಂಡಿನೀರು ಸೋಕಿಸಬಾರದು, ಇಲಿಜ್ವರದ ರೋಗಾಣು ಒಳಹೊಗುವುದು ಇಂಥ ಬಿರುಕಿನಲ್ಲೇ ಎಂದರು.

ಆ ಹತ್ತು ದಿನ ಅವಳು ಪಕ್ಕದ ಮನೆಯವರ ಬೈಕಿನಲ್ಲಿ ಹೋದಳು. ಸೈಕಲ್ಲನ್ನು ಅಪ್ಪ ಡೇರಿಗೆ ತುಳಿದ. ಆಗ ಕಂಡಿತು: ಕಾಲಿಗೆ ಬೀಳುವ ನೀರಿನ ದೊಡ್ಡ ಪಾಲು ಆಕಾಶದ್ದಲ್ಲ, ಮುಂದಿನ ಚಕ್ರದ್ದು! ಟೈರಿಗೆ ಅಂಟಿದ ನೀರು ಸ್ಪರ್ಶರೇಖೆಯ ದಿಕ್ಕಿನಲ್ಲಿ ಸಿಡಿಯುತ್ತದೆ. ಗಿಡ್ಡ ಮಡ್‌ಗಾರ್ಡಿನ ಕೆಳಗಿನಿಂದ ಹಾರಿದ್ದು ನೇರ ಪೆಡಲಿಗೇ. ಮಗಳು ಇದನ್ನು ದಾರಕ್ಕೆ ಕಟ್ಟಿದ ಕಲ್ಲಿನ ಪ್ರಶ್ನೆಯಾಗಿ ಬಾಯಿಪಾಠ ಮಾಡಿದ್ದಳು. ಅಪ್ಪನಿಗೆ ಸ್ಪರ್ಶರೇಖೆಯ ಹೆಸರು ಗೊತ್ತಿಲ್ಲ. ಲಾರಿಯ ಹಳೆಯ ಟ್ಯೂಬು ಕತ್ತರಿಸಿ, ನೆಲದಿಂದ ನಾಲ್ಕು ಬೆರಳು ಮೇಲಕ್ಕೆ ಬರುವಂತೆ ಮಡ್‌ಗಾರ್ಡಿಗೆ ತೂಗುಬಿಟ್ಟ.

ಆದರೂ ಜಡಿಮಳೆಗೆ ಇಷ್ಟು ಸಾಲದು. ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಬೆವರು ಒಳಗೇ ನಿಲ್ಲುತ್ತದೆ, ಮೇಲಾಗಿ ಕಾಲುಚೀಲ ದೀಪದ ಬತ್ತಿಯ ಹಾಗೆ ಮೊಣಕಾಲ ಕೆಳಗಿನ ನೀರನ್ನೆಲ್ಲ ಹೀರಿ ಬೂಟಿಗೆ ಇಳಿಸುತ್ತದೆ. ಅದಕ್ಕೇ ಗಾಯ ಮಾಯ್ದ ಮೇಲೆ ದಾರಿಗೆ ಹಿಮ್ಮಡಿ ಪಟ್ಟಿಯ ಪ್ಲಾಸ್ಟಿಕ್ ಚಪ್ಪಲಿ ಬಂತು. ನೀರು ಬಂದಷ್ಟೇ ಬೇಗ ಹೋಗುತ್ತದೆ. ಬೂಟು, ಒಣ ಕಾಲುಚೀಲ, ಟವೆಲಿನ ತುಂಡು ಬ್ಯಾಗಿನಲ್ಲಿ. ಎಂದಾದರೂ ಬೂಟು ನೆನೆದರೆ ಒಲೆಯ ಬುಡಕ್ಕಲ್ಲ (ಅಂಟು ಬಿಡುತ್ತದೆ), ಹಳೆಯ ಪತ್ರಿಕೆ ಮುದ್ದೆಮಾಡಿ ತುರುಕುವುದು, ಮಲಗುವ ಮುಂಚೆ ಒಮ್ಮೆ ಬದಲಿಸುವುದು. ಈ ಪುರವಣಿಯೂ ಆದೀತು, ಓದಿ ಮುಗಿಸಿದ ಮೇಲೆ.

ಮೊದಲ ದಿನ ಗೇಟಿನಲ್ಲೇ ತಡೆದರು. ಚಪ್ಪಲಿ ಸಮವಸ್ತ್ರವಲ್ಲವಂತೆ. ಹುಡುಗಿ ಅಲ್ಲೇ ಜಗಲಿಯಲ್ಲಿ ಕೂತು ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿ, ಕಾಲುಚೀಲ ಏರಿಸಿ, ಬೂಟು ಕಟ್ಟಿದಳು. ಮೂರು ನಿಮಿಷ. ಗದರಲು ನಿಂತವರು ತಮ್ಮ ಬೂಟು ನೋಡಿಕೊಂಡರು. ಅದರಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

ಆಶ್ಲೇಷಾ ಮಳೆಯ ಹೊತ್ತಿಗೆ ಆ ಜಗಲಿಯಲ್ಲಿ ಒದ್ದೆ ಚಪ್ಪಲಿ ಹನ್ನೊಂದು ಜೊತೆ ಸಾಲಾಗಿದ್ದವು.